ಗುರುವಾರದ ಕಳ್ಳ

ಈರುಳ್ಳಿ ಸಿಪ್ಪೆಯನ್ನು ವಿನೆಗರಿನ ನೀರಿನಲ್ಲಿ ಕುದಿಸಿದಾಗ ಏಳುವ ವಾಸನೆ ನನ್ನನ್ನು ಈಗಲೂ ಆರು ವರ್ಷದವಳನ್ನಾಗಿ ಮಾಡುತ್ತದೆ. ಅಮ್ಮ ಈಸ್ಟರ್ ಮೊಟ್ಟೆಗಳಿಗೆ ಕೆಂಪು ಬಣ್ಣ ಹಾಕಿ ತೆಗೆದ ಮೇಲೆ ಪಾತ್ರೆಯನ್ನು ಚೆಲ್ಲದೆ ನಮಗೆ ಬಿಟ್ಟುಕೊಡುತ್ತಿದ್ದಳು. ವರ್ಷವಿಡೀ ಕೂಡಿಟ್ಟ ಕೋತ್ಸಿಗಳನ್ನು, ಎಂದರೆ ಕುರಿಯ ಹಿಂಗಾಲಿನ ಗಿಣ್ಣಿನ ಪುಟ್ಟ ಮೂಳೆಗಳನ್ನು, ನಾವು ಅದರೊಳಗೆ ಸುರಿದು ಒಲೆಯ ಸುತ್ತ ಕೂರುತ್ತಿದ್ದೆವು. ಆಗ ಅಮ್ಮ ಏನೋ ಮರೆತವಳಂತೆ ಬಂದು ಇನ್ನೊಂದು ಹಿಡಿ ಸಿಪ್ಪೆ ಹಾಕಿ ಹೋಗುತ್ತಿದ್ದಳು. ಮೊಟ್ಟೆಗಳೆಲ್ಲ ಆಗಲೇ ಬುಟ್ಟಿಯಲ್ಲಿರುತ್ತಿದ್ದವು. ಆ ಹಿಡಿ ಸಿಪ್ಪೆ ನಮ್ಮ ಮೂಳೆಗಳಿಗೆಂದು ನನಗೆ ಹೊಳೆದದ್ದು ಅವಳು ಹೋದ ಎಷ್ಟೋ ವರ್ಷದ ಮೇಲೆ.

ಆ ಪವಿತ್ರ ಗುರುವಾರದ ಬೆಳಿಗ್ಗೆ ಎವ್ದೊಕಿಯಾಳ ಅಡಿಗೆಮನೆಯ ತುಂಬ ಅದೇ ವಾಸನೆಯಿತ್ತು. ಒಲೆಯ ಮುಂದೆ ಅವಳು, ಮೇಜಿನ ಒಂದು ಕಡೆ ನಾನು, ಇನ್ನೊಂದು ಕಡೆ ಅವಳ ತಮ್ಮ.

ತಮ್ಮ ಎಂದು ಊರು ಹೇಳುತ್ತಿತ್ತು. ಮೂವತ್ತೈದು ವರ್ಷದ ಹಿಂದೆ, ಅಂತರ್ಯುದ್ಧ ನಮ್ಮ ಬೆಟ್ಟಗಳನ್ನು ಹತ್ತಿದಾಗ, ಎಂಟು ವರ್ಷದ ಸ್ತಾಥಿಸನನ್ನು ಬಂಡುಕೋರರು ಊರಿನ ಇತರ ಮಕ್ಕಳ ಜೊತೆ ಗಡಿ ದಾಟಿಸಿ ಹಂಗೇರಿಯ ಮಕ್ಕಳ ಮನೆಯೊಂದಕ್ಕೆ ಕಳಿಸಿದ್ದರು. ಈ ವರ್ಷ ಈಸ್ಟರ್ ಉಪವಾಸ ಶುರುವಾದ ವಾರ, ಸ್ತಾಥಿಸನ ಕೋತ್ಸಿಯನ್ನು ಅಂಗೈಯಲ್ಲಿ ಹಿಡಿದ ಒಬ್ಬ ಮನುಷ್ಯ ಎವ್ದೊಕಿಯಾಳ ಬಾಗಿಲು ತಟ್ಟಿದ್ದ.

ನನ್ನ ಕೈಚೀಲದಲ್ಲಿ ಒಂದು ಕಾಗದವಿತ್ತು. ಆ ಮಕ್ಕಳ ಮನೆಯ ದಾಖಲೆಗಳೆಲ್ಲ ಸಾವಿರದ ಒಂಬೈನೂರ ಐವತ್ತಾರರ ದಂಗೆಯಲ್ಲಿ ಸುಟ್ಟುಹೋಗಿದ್ದರಿಂದ, ಇವನೇ ಸ್ತಾಥಿಸ್ ಎಂದು ಒಪ್ಪಲು ಸರಕಾರ ಎರಡು ಸಹಿ ಕೇಳಿತ್ತು. ಒಂದು ಅಕ್ಕನದು, ಇನ್ನೊಂದು ಅವನಿಗೆ ಅಕ್ಷರ ಕಲಿಸಿದ ಟೀಚರದು. ಅಕ್ಕ ಸಹಿ ಹಾಕಿಯಾಗಿತ್ತು. ಅವಳ ಹೆಸರಿನ ಕೆಳಗೆ ನನ್ನ ಹೆಸರನ್ನು ಟೈಪ್ ಮಾಡಿ, ಅದರ ಮುಂದೆ ಜಾಗ ಖಾಲಿ ಬಿಟ್ಟಿದ್ದರು. ಹಬ್ಬ ಕಳೆದ ಬುಧವಾರ ಕೋನಿತ್ಸಾ ಪಟ್ಟಣದಿಂದ ಗುಮಾಸ್ತ ಬಂದು ಅದನ್ನು ಒಯ್ಯುವವನಿದ್ದ.

ನಾನು ಸಹಿ ಹಾಕಿದರೆ ಈ ಮನುಷ್ಯನಿಗೆ ಒಂದು ಹೆಸರು, ಎವ್ದೊಕಿಯಾಳಿಗೆ ಒಬ್ಬ ತಮ್ಮ. ಅದರ ಜೊತೆಗೇ ಕಾಣೆಯಾದವರನ್ನು ಹುಡುಕುವ ಕಚೇರಿಯಲ್ಲಿ ಸ್ತಾಥಿಸನ ಕಡತ ಮುಚ್ಚುತ್ತದೆ. ಇವನು ಸ್ತಾಥಿಸ್ ಅಲ್ಲದಿದ್ದರೆ, ಆ ಹುಡುಗನನ್ನು ಇನ್ನು ಯಾರೂ ಎಂದೂ ಹುಡುಕುವುದಿಲ್ಲ.

ಅದಕ್ಕೇ ಏಳು ವಾರದಿಂದ ನಾನು ಆ ಮನೆಗೆ ಹೋಗಿಬರುತ್ತಿದ್ದೆ. ಅವನನ್ನು ಇಷ್ಟಪಡದಿರುವುದು ಕಷ್ಟವಾಗಿತ್ತು. ಬಂದ ಮೂರನೆಯ ದಿನವೇ ನೀರಿನ ಹೂಜಿಯನ್ನು ಬಲಗಡೆಯಿಂದ ಎಡಗಡೆಗೆ ಇಟ್ಟಿದ್ದ. ಎವ್ದೊಕಿಯಾಳ ಬಲಭುಜ ನೋಯುತ್ತದೆಂದು ಅವಳು ಯಾರಿಗೂ ಹೇಳಿರಲಿಲ್ಲ. ನಾನು ಕೂರುವ ಕುರ್ಚಿಯ ಗಿಡ್ಡ ಕಾಲಿಗೆ ಒಂದು ಬಿಲ್ಲೆ ಸೇರಿಸಿದ್ದ. ಅದನ್ನೂ ಅವನು ಹೇಳಲಿಲ್ಲ. ಒಂದು ದಿನ ಕೂತಾಗ ಕುರ್ಚಿ ಅಲುಗಾಡಲಿಲ್ಲ, ಅಷ್ಟೆ.

ಆ ಕೋತ್ಸಿಯಂತೂ ನಿಜವಾದದ್ದೇ. ಕೆಂಪು ಬಣ್ಣ ಸವೆದು ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ನಡುವೆ ಕೊರೆದ ತೂತಿನಲ್ಲಿ ಸೀಸ, ಒಂದು ಮೂಲೆಯಲ್ಲಿ ಹಲ್ಲಿನ ಗುರುತು. ಲೆಕ್ಕದ ಪಾಠದ ಹೊತ್ತಿಗೆ ಅದನ್ನು ಮೇಜಿನ ಕೆಳಗೆ ಉರುಳಿಸುತ್ತಿದ್ದ ಸ್ತಾಥಿಸನಿಂದ ನಾನು ಎರಡು ಸಲ ಕಿತ್ತುಕೊಂಡು, ಎರಡು ಸಲವೂ ಸಂಜೆ ವಾಪಸು ಕೊಟ್ಟಿದ್ದೆ.

ಹೋದ ವಾರ ನಾನೊಂದು ಪ್ರಶ್ನೆ ಕೇಳಿದ್ದೆ. ಒಳಗಿನ ಸೀಸ ಎಲ್ಲಿಂದ ಬಂತು ಎಂದು. ಅದು ಸ್ತಾಥಿಸನಿಗೆ ಮತ್ತು ನನಗೆ ಮಾತ್ರ ಗೊತ್ತಿದ್ದ ವಿಷಯ. ಶಾಲೆಗೆ ಬಂದ ಹಿಟ್ಟಿನ ಮೂಟೆಯ ಸೀಸದ ಮುದ್ರೆಯನ್ನು ಅವನು ಆಸೆಗಣ್ಣಿನಿಂದ ನೋಡುತ್ತಿದ್ದ. ನಾನು ಅದನ್ನು ಕಿತ್ತು ಅವನ ಜೇಬಿಗೆ ಹಾಕಿ, ಕಿಟಕಿಯ ಕಡೆ ತಿರುಗಿ ನಿಂತಿದ್ದೆ. ಈ ಮನುಷ್ಯ ಅದನ್ನೆಲ್ಲ ಹೇಳಿದ, ನಾನು ಕಿಟಕಿಯ ಕಡೆ ತಿರುಗಿದ್ದನ್ನೂ ಬಿಡದೆ. ಆ ದಿನ ಮನೆಗೆ ಬಂದು ಪೆನ್ನಿಗೆ ಮಸಿ ತುಂಬಿಸಿಟ್ಟೆ.

ಮೊಟ್ಟೆಗೆ ಬಣ್ಣ ಹಿಡಿಯಲು ಇನ್ನೂ ಹೊತ್ತಿತ್ತು. ಎವ್ದೊಕಿಯಾಳೇ ಹೇಳಿದಳು, ಸುಮ್ಮನೆ ಕೂರುವ ಬದಲು ಒಂದಾಟ ಆಡೋಣವೆಂದು. ಏಳು ವಾರದಲ್ಲಿ ನಮಗೆ ಯಾರಿಗೂ ಅದು ತೋಚಿರಲಿಲ್ಲ. ದೊಡ್ಡವರಾಗಿಬಿಟ್ಟಿದ್ದೆವಲ್ಲ.

ಆಟ ಸುಲಭದ್ದು. ಕೋತ್ಸಿಗೆ ನಾಲ್ಕು ಮಗ್ಗುಲು. ಎರಡು ಕಿರಿದು, ಅವುಗಳ ಮೇಲೆ ಮೂಳೆ ನಿಲ್ಲುವುದು ಅಪರೂಪ. ಒಂದರಲ್ಲಿ ನಿಂತರೆ ರಾಜ, ಇನ್ನೊಂದರಲ್ಲಿ ಮಂತ್ರಿ. ಉಳಿದೆರಡು ಅಗಲ, ಒಂದರಲ್ಲಿ ಗುಳಿ, ಇನ್ನೊಂದರಲ್ಲಿ ಗೂನು. ಗುಳಿ ಮೇಲಾಗಿ ಬಿದ್ದರೆ ಕಳ್ಳ. ಗೂನು ಮೇಲಾಗಿ ಬಿದ್ದರೆ ರೊಟ್ಟಿಯವ, ಅವನನ್ನು ಯಾರೂ ಮುಟ್ಟುವ ಹಾಗಿಲ್ಲ. ಕಳ್ಳ ಅಂಗೈ ನೀಡಬೇಕು, ರಾಜ ಶಿಕ್ಷೆ ಹೇಳಬೇಕು, ಮಂತ್ರಿ ಹೊಡೆಯಬೇಕು. ಮೆಲ್ಲಗೆ ಹೊಡೆದರೆ ಅದು ಎಣ್ಣೆಯ ಪೆಟ್ಟು, ಉರಿಯುವಂತೆ ಹೊಡೆದರೆ ವಿನೆಗರಿನ ಪೆಟ್ಟು. ರಾಜ, ಮಂತ್ರಿ ಇಬ್ಬರೂ ಬರುವವರೆಗೆ ಉಳಿದ ಯಾವುದಕ್ಕೂ ಲೆಕ್ಕವಿಲ್ಲ.

ತುಂಬ ಹೊತ್ತು ಎಸೆದ ಮೇಲೆ ನಾನು ಮಂತ್ರಿಯಾದೆ. ಆಮೇಲೆ ಎವ್ದೊಕಿಯಾ ರಾಜನಾದಳು. ಐವತ್ತೆರಡು ವರ್ಷದ ಆ ಹೆಂಗಸು ಬಾಯಿಗೆ ಸೆರಗಿನಂತೆ ತಲೆವಸ್ತ್ರ ಅಡ್ಡ ಹಿಡಿದು ನಕ್ಕದ್ದನ್ನು ನಾನು ಅಂದೇ ನೋಡಿದ್ದು. ಅಷ್ಟರಲ್ಲಿ ಪಾತ್ರೆ ಉಕ್ಕಿತು. ಅವಳು ಒಲೆಯ ಕಡೆ ಓಡಿ, ನಮಗೆ ಬೆನ್ನು ಹಾಕಿಕೊಂಡೇ ಅಪ್ಪಣೆ ಕೊಟ್ಟಳು.

"ಕಳ್ಳ ಬಿದ್ರೆ ಮೂರು ಪೆಟ್ಟು, ಮಂತ್ರಿಗಳೇ. ವಿನೆಗರಿಂದೇ ಇರ್ಲಿ. ಉಪವಾಸದಲ್ಲಿ ಎಣ್ಣೆ ಮುಟ್ಟೋ ಹಾಗಿಲ್ಲ."

ಅವನು ನಗುತ್ತ ಕೋತ್ಸಿಯನ್ನು ಅಂಗೈಯಲ್ಲಿ ಕುಲುಕಿ ಎಸೆದ. ಅದು ಉಪ್ಪಿನ ಬಟ್ಟಲಿಗೆ ತಾಗಿ, ಎರಡು ಸುತ್ತು ಸುತ್ತಿ, ನನ್ನ ಮುಂದೆ ಬಂದು ನಿಂತಿತು.

ಗೂನು ಮೇಲಿತ್ತು. ರೊಟ್ಟಿಯವ.

ಅವನು ಎಡಗೈ ನೀಡಿದ.

ಯೋಚಿಸಿ ನೀಡಿದ ಕೈಯಲ್ಲ ಅದು. ಮೂಳೆ ನಿಂತ ಕ್ಷಣವೇ, ಕಣ್ಣು ರೆಪ್ಪೆ ಬಡಿಯುವಂತೆ, ಅಂಗೈ ನನ್ನ ಮುಂದೆ ಬಂದಿತ್ತು. ಹೆಬ್ಬೆರಳು ಒಳಕ್ಕೆ ಮಡಚಿತ್ತು. ಮುಖದಲ್ಲಿ ಪೆಟ್ಟಿಗೆ ಕಾಯುವ ಮಗುವಿನ ನಗು.

ನನ್ನ ಕೈಯಲ್ಲಿ ಮಡಿಸಿದ ಒರೆಸುವ ಬಟ್ಟೆ ಇತ್ತು. ಏನು ಮಾಡಬೇಕೆಂದು ತೋಚದೆ ಮೂರು ಸಲ ಮೆಲ್ಲಗೆ ತಟ್ಟಿದೆ. ಪೆಟ್ಟು ಬಿತ್ತೇ ಎಂದು ಎವ್ದೊಕಿಯಾ ಕೇಳಿದಳು. ಬಿತ್ತು ಎಂದೆ. ಅವಳು ಇತ್ತ ತಿರುಗುವ ಮೊದಲು ಕೋತ್ಸಿಯನ್ನು ಎತ್ತಿ ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಯಾರನ್ನು ಕಾಪಾಡಲು ಹಾಗೆ ಮಾಡಿದೆನೋ ನನಗೇ ಗೊತ್ತಾಗಲಿಲ್ಲ.

ಅಲ್ಲಿಂದ ನೇರ ಕಾಫಿ ಅಂಗಡಿಗೆ ಹೋದೆ. ಜಗುಲಿಯ ಮೇಲೆ ಜೀಕೋಸ್ ಮಣಿಸರ ತಿರುಗಿಸುತ್ತ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಎಂಬತ್ತು ದಾಟಿದ ಕುರುಬ. ಮಂದೆಯನ್ನು ಅಳಿಯನಿಗೆ ಒಪ್ಪಿಸಿದ್ದರೂ ದೊಣ್ಣೆಯನ್ನು ಒಪ್ಪಿಸಿಲ್ಲ. ಈ ಬೆಟ್ಟಗಳಲ್ಲಿ ಮೂರು ತಲೆಮಾರಿನ ಮಕ್ಕಳಿಗೆ ಕೋತ್ಸಿ ಹಂಚಿದವನು ಅವನೇ.

ಚೀಲದಿಂದ ಕೋತ್ಸಿ ತೆಗೆದು ಅವನ ಮುಂದಿಟ್ಟೆ. ಸ್ತಾಥಿಸನದನ್ನು ಮೇಜಿನ ಮೇಲೇ ಬಿಟ್ಟು ಬಂದಿದ್ದೆ; ಇದು ನಾನು ಹೊರಡುವಾಗ ಎವ್ದೊಕಿಯಾ ಮೊಟ್ಟೆಯ ಬಣ್ಣದಲ್ಲಿ ಅದ್ದಿ ಕೊಟ್ಟ ಹೊಸದು.

"ಈ ವಯಸ್ಸಲ್ಲಿ ಮೂಳೆ ಆಡಕ್ಕೆ ಬಂದ್ರಾ ಟೀಚರಮ್ಮ? ನಮ್ಮ ಮಂಡಿಲಿರೋ ಮೂಳೆ ಕಟಕಟ ಅನ್ನೋದು ಸಾಲದೇ?"

ಗೂನು ಬಿದ್ದರೆ ಏನೆಂದು ಕೇಳಿದೆ. ರೊಟ್ಟಿಯವ, ಇದೂ ಒಂದು ಪ್ರಶ್ನೆಯೇ ಎಂದ. ಗೂನು ಬಿದ್ದರೆ ಕಳ್ಳ ಅನ್ನುವವರು ಎಲ್ಲಾದರೂ ಇದ್ದರೇ ಎಂದೆ. ಅವನ ಮಣಿಸರ ನಿಂತಿತು. ಆಮೇಲೆ ಕಣಿವೆಯ ಆಚೆಗೆ ದೊಣ್ಣೆ ಚಾಚಿದ.

"ಪ್ಲತಾನಿ ಮಂದಿ. ಅವ್ರಿಗೆ ಎಲ್ಲಾ ಉಲ್ಟಾ. ಗೂನು ಬಿದ್ರೆ ಕಳ್ಳ, ಗುಳಿ ಬಿದ್ರೆ ರೊಟ್ಟಿಯವ. ಅದಕ್ಕೇ ಅವ್ರ ಹೆಂಗಸ್ರು ಮಾಡಿದ ರೊಟ್ಟಿ ನಡುವೆ ಯಾವಾಗ್ಲೂ ಗುಳಿ ಬೀಳ್ತಿತ್ತು."

ಹೊಳೆಯ ಹತ್ತಿರ ಎರಡು ಊರಿನ ಕುರಿಗಳು ನೀರಿಗೆ ಇಳಿದಾಗಲೆಲ್ಲ ಮಕ್ಕಳ ನಡುವೆ ಇದೇ ಜಗಳವಂತೆ. ಒಂದು ಸಲ ಕಲ್ಲು ತೂರಾಡಿ, ಅವನ ಹಣೆಗೆ ಪೆಟ್ಟಾಗಿತ್ತಂತೆ. ಗುರುತು ತೋರಿಸಿದ. ಹೆಬ್ಬೆರಳು ಮಡಚುವುದರ ಬಗ್ಗೆ ಕೇಳಿದ್ದಕ್ಕೆ ಅದಕ್ಕೂ ಉತ್ತರವಿತ್ತು. ನಾವು ಕಳ್ಳನಿಗೆ ಹೊಡೆಯುತ್ತಿದ್ದದ್ದು ಬೆಲ್ಟಿನಿಂದ, ಪ್ಲತಾನಿಯವರು ಕೋಲಿನಿಂದ. ಕೋಲು ಬೀಳುವಾಗ ಹೆಬ್ಬೆರಳು ಹೊರಗಿದ್ದರೆ ಮುರಿಯುತ್ತದೆ.

ಆಮೇಲೆ ಅವನು ನಗುವುದನ್ನು ಬಿಟ್ಟ. ಪ್ಲತಾನಿ ನಲವತ್ತೆಂಟರ ಬೇಸಿಗೆಯಲ್ಲಿ ಸುಟ್ಟುಹೋದ ಊರು. ಈಗ ಅಲ್ಲಿ ಗೋಡೆಗಳಿವೆ, ಚೆಸ್ಟ್‌ನಟ್ ಮರಗಳಿವೆ, ಒಂದು ಬುಗ್ಗೆ ಇದೆ. ಪ್ರತಿ ವಸಂತದಲ್ಲಿ ಹೋಗಿ ಆ ಬುಗ್ಗೆಯ ಬಾಯಿಂದ ಎಲೆ ತೆಗೆದು ಬರುತ್ತೇನೆ ಎಂದ. ಯಾರಿಗಾಗಿ ಎಂದು ಕೇಳಿದೆ. ಕುರಿಗಳಿಗೆ ಎಂದ. ಅವನ ಅಳಿಯ ಆ ಕಡೆ ಕುರಿ ಬಿಡುವುದನ್ನು ನಿಲ್ಲಿಸಿ ಹತ್ತು ವರ್ಷವಾಗಿದೆಯೆಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ನಾನು ಏಳುವಾಗ ಅವನೇ ಒಂದು ಮಾತು ಸೇರಿಸಿದ. ಮಕ್ಕಳ ಮನೆಯಲ್ಲಿ ಹತ್ತೂರ ಮಕ್ಕಳು ಬೆರೆತಿರುತ್ತಾರೆ, ಒಬ್ಬರದ್ದು ಇನ್ನೊಬ್ಬರಿಗೆ ಅಂಟುತ್ತದೆ, ಒಂದು ಕೈಯನ್ನು ನೋಡಿ ಮನುಷ್ಯನನ್ನು ಅಳೆಯಬೇಡಿ ಎಂದು. ನಾನು ಏನು ಹುಡುಕುತ್ತಿದ್ದೇನೆಂದು ಅವನಿಗೆ ಹೇಳಿಯೇ ಇರಲಿಲ್ಲ.

ಅವನ ಮಾತು ನ್ಯಾಯವಾಗಿತ್ತು. ಮನೆಗೆ ಬಂದು ಅದನ್ನು ತೂಗಿ ನೋಡಿದೆ. ಬೇರೆ ಊರಿನ ಕಾನೂನನ್ನು ಮಗು ಕಲಿಯಬಹುದು. ಆದರೆ ಹಾಗೆ ಕಲಿತವನು ನಮ್ಮ ಊರಿಗೆ ಮರಳಿದ ಮೇಲೆ, ನಮ್ಮ ಅಡಿಗೆಮನೆಯಲ್ಲಿ, ಅಕ್ಕನ ಮುಂದೆ, ಯಾವುದನ್ನು ಮೊದಲು ನೆನೆಯುತ್ತಾನೆ? ಮಾತನ್ನು ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡಬಹುದು. ಸೀಸದ ಕಥೆಯನ್ನು, ಕಿಟಕಿಯ ಕಥೆಯನ್ನು ಸ್ತಾಥಿಸನಿಂದ ಕೇಳಿದ ಯಾರಾದರೂ ಹೇಳಬಲ್ಲರು. ಕೈಗೆ ಯಾರು ಹೇಳಿಕೊಡುತ್ತಾರೆ?

ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ. ಕೇಳದೆ ಬೇರೆ ದಾರಿಯಿರಲಿಲ್ಲ.

ಶುಭ ಶುಕ್ರವಾರ ಬೆಳಗಿನಿಂದಲೇ ಚರ್ಚಿನ ಗಂಟೆ ಒಂದೊಂದಾಗಿ, ಬಿಟ್ಟು ಬಿಟ್ಟು ಹೊಡೆಯುತ್ತಿರುತ್ತದೆ. ಹೆಂಗಸರೆಲ್ಲ ಕ್ರಿಸ್ತನ ಚಟ್ಟವನ್ನು ಹೂವಿನಿಂದ ಸಿಂಗರಿಸಲು ಹೋಗಿದ್ದರು. ಎವ್ದೊಕಿಯಾ ತನ್ನ ಅಂಗಳದ ನೇರಳೆ ಬಣ್ಣದ ಲೈಲಾಕ್ ಹೂಗಳನ್ನೆಲ್ಲ ಕತ್ತರಿಸಿ ಒಯ್ದಿದ್ದಳು. ಅವಳು ಇಲ್ಲದ ಹೊತ್ತು ನೋಡಿಯೇ ನಾನು ಹೋದದ್ದು.

ಅವನು ಅಕ್ರೋಟು ಮರದ ಕೆಳಗೆ ಕೂತು, ಪಕ್ಕದ ಮನೆಯ ಹುಡುಗಿಗಾಗಿ ಬುಗುರಿ ಮಾಡುತ್ತಿದ್ದ. ಗಾಜಿನ ಚೂರಿನಿಂದ ಮರವನ್ನು ಹೆರೆಯುತ್ತಿದ್ದ. ತುದಿಗೆ ಮೊಳೆ ಇನ್ನೂ ಹಾಕಿರಲಿಲ್ಲ. ಕ್ರಿಸ್ತನಿಗೆ ಮೊಳೆ ಹೊಡೆದ ದಿನ ಇದು, ಇಂದು ಮೊಳೆ ಹೊಡೆಯಬಾರದು, ಅವಳು ಭಾನುವಾರದವರೆಗೆ ಕಾಯಲಿ ಎಂದ. ನನಗೆ ಕೂರಲು ತನ್ನ ಮುಕ್ಕಾಲಿಯನ್ನು ಬಿಟ್ಟುಕೊಟ್ಟು, ತಾನು ಮರದ ಬೇರಿನ ಮೇಲೆ ಕೂತ.

ಚರ್ಚಿನ ಗಂಟೆಯ ಎರಡು ಸದ್ದುಗಳ ನಡುವೆ ಕೇಳಿಬಿಟ್ಟೆ.

"ನಿನ್ನೆ ಯಾಕಪ್ಪ ಕೈ ನೀಡಿದೆ?"

"ಕಳ್ಳ ಬಿತ್ತಲ್ಲ ಟೀಚರಮ್ಮ."

"ಗೂನು ಬಿದ್ದಿತ್ತು."

ಗಾಜಿನ ಚೂರು ನಿಂತಿತು. ಅವನು ಬುಗುರಿಯನ್ನು ನೋಡುತ್ತಿದ್ದ, ನಾನು ಅವನ ಎಡಗೈಯನ್ನು. ಹೆಬ್ಬೆರಳು ಮೆಲ್ಲಗೆ ಒಳಕ್ಕೆ ಸರಿಯಿತು.

ಅವನು ಹೇಳಿದ್ದು ಜೀಕೋಸ್ ಹೇಳಿದ್ದನ್ನೇ. ಅಲ್ಲಿ ಎಲ್ಲ ಊರಿನ ಮಕ್ಕಳಿದ್ದರು, ಒಬ್ಬೊಬ್ಬರದು ಒಂದೊಂದು ಕಾನೂನು, ಬೆರೆತುಹೋಯಿತು ಎಂದು. ಸ್ವರದಲ್ಲಿ ಸುಳ್ಳಿನ ಆತುರವಿರಲಿಲ್ಲ. ದಣಿವಿತ್ತು.

"ಹಾಗಂತ ನೀನು ಹೇಳಿದ್ರೆ ನಂಬ್ತೀನಿ," ಎಂದೆ. "ಬುಧವಾರ ಸಹಿನೂ ಹಾಕ್ತೀನಿ. ಆದ್ರೆ ಆ ದಿನದಿಂದ ಸ್ತಾಥಿಯನ್ನ ಹುಡುಕೋದು ನಿಲ್ಲುತ್ತೆ. ಅವನು ಎಲ್ಲಾದ್ರೂ ಒಂದು ಕಡೆ ಇದ್ರೆ, ಕೇಳೋರು ಯಾರೂ ಇರಲ್ಲ. ಅದನ್ನ ತಿಳ್ಕೊಂಡು ಹೇಳು."

ಗಂಟೆ ಹೊಡೆಯಿತು. ಮತ್ತೊಮ್ಮೆ ಹೊಡೆಯಿತು. ನಾನು ನನ್ನ ತರಗತಿಯಲ್ಲಿ ಕಲಿತ ಒಂದೇ ವಿದ್ಯೆ ಕಾಯುವುದು. ಕಾದೆ.

ಅವನು ಬುಗುರಿಯನ್ನು ಹುಲ್ಲಿನ ಮೇಲೆ ಮಲಗಿಸಿದ.

"ಗುರುವಾರ ನಮ್ಮ ಸರದಿ," ಎಂದ.

ನನಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಮಕ್ಕಳ ಮನೆಯಲ್ಲಿ ಅವನ ಮಂಚ ಮತ್ತು ಸ್ತಾಥಿಸನ ಮಂಚ ಪಕ್ಕಪಕ್ಕ. ಇಬ್ಬರ ನಡುವೆ ಇದ್ದದ್ದು ಒಂದೇ ಕೋತ್ಸಿ, ಕಾನೂನು ಮಾತ್ರ ಎರಡು. ಮೊದಲ ವಾರವೆಲ್ಲ ಹೊಡೆದಾಟ. ಆಮೇಲೆ ಸ್ತಾಥಿಸನೇ ಒಂದು ಏರ್ಪಾಡು ಮಾಡಿದನಂತೆ. ಸೋಮವಾರ, ಬುಧವಾರ, ಶುಕ್ರವಾರ ನಮ್ಮ ಊರಿನ ಕಾನೂನು. ಮಂಗಳವಾರ, ಗುರುವಾರ, ಶನಿವಾರ ಪ್ಲತಾನಿಯದು. ಭಾನುವಾರ ಆಟವಿಲ್ಲ, ಕೋತ್ಸಿಗೆ ರಜೆ. ಎಂಟು ವರ್ಷ ಹಾಗೇ ಆಡಿದರಂತೆ. ಯಾವ ದಿನವೆಂದು ನೋಡದೆ ಕೈ ಹೊರಡುತ್ತಿರಲಿಲ್ಲ.

"ನೀವು ಇವತ್ತು ಆಡಿಸಿದ್ರೆ ನಾನು ಸಿಕ್ತಿರ್ಲಿಲ್ಲ," ಎಂದ. ನಗಲು ನೋಡಿದ, ಆಗಲಿಲ್ಲ.

ನಾನು ನನ್ನ ಸ್ತಾಥಿಯನ್ನು ನೆನೆದೆ. ಭಾಗಾಕಾರ ಬಾರದ ಹುಡುಗ. ವಾರವನ್ನು ಎಷ್ಟು ಸರಿಯಾಗಿ ಭಾಗ ಮಾಡಿದ್ದ, ಒಂದು ದಿನವನ್ನು ಮೂಳೆಗೂ ಬಿಟ್ಟು.

ಸ್ತಾಥಿ ಎಲ್ಲಿ ಎಂದು ಕೇಳಿದೆ.

ಐವತ್ತಾರರ ಶರತ್ಕಾಲದಲ್ಲಿ ಅವರಿಬ್ಬರಿಗೂ ಹದಿನಾರು. ನಗರದಲ್ಲಿ ಒಂದು ಮರಗೆಲಸದ ಕಾರ್ಖಾನೆಯಲ್ಲಿ ಕಲಿಯುತ್ತಿದ್ದರು. ಬೀದಿಯಲ್ಲಿ ಟ್ಯಾಂಕುಗಳು ಓಡಾಡುತ್ತಿದ್ದ ಒಂದು ಬೆಳಿಗ್ಗೆ, ಬ್ರೆಡ್ ಸಿಗುತ್ತದೆಂದು ಯಾರೋ ಹೇಳಿದರೆಂದು ಸ್ತಾಥಿಸ್ ಹೊರಟ. ಇವನ ಬೂಟು ಹರಿದಿತ್ತು, ಅದಕ್ಕೇ ನೀನು ಇಲ್ಲೇ ಇರು ಎಂದ. ಕೋತ್ಸಿ ಇವನ ಜೇಬಿನಲ್ಲಿತ್ತು. ಸ್ತಾಥಿಸ್ ತಿರುಗಿ ಬರಲಿಲ್ಲ. ಆಸ್ಪತ್ರೆಗಳಲ್ಲಿ ಇರಲಿಲ್ಲ, ಸತ್ತವರ ಪಟ್ಟಿಗಳಲ್ಲೂ ಇರಲಿಲ್ಲ. ಆ ದಿನಗಳಲ್ಲಿ ಗಡಿ ಸ್ವಲ್ಪ ಕಾಲ ತೆರೆದಿತ್ತು, ಸಾವಿರಾರು ಜನ ದಾಟಿ ಹೋದರು. ಅವನೂ ಹೋದನೋ, ಯಾವುದೋ ಗೋಡೆಯ ಬುಡದಲ್ಲಿ ಉಳಿದನೋ.

"ಸತ್ತ ಅಂತ ಯಾರೂ ಹೇಳ್ಲಿಲ್ಲ ಟೀಚರಮ್ಮ. ಬದುಕಿದಾನೆ ಅಂತಾನೂ ಹೇಳ್ಲಿಲ್ಲ. ನಾನು ಇಲ್ಲಿಗೆ ಬಂದಿದ್ದು ಕೋತ್ಸಿ ಕೊಟ್ಟು ಹೋಗೋಣ ಅಂತ. ಅಷ್ಟೇ."

ಆದರೆ ಬಾಗಿಲು ತೆರೆದ ಎವ್ದೊಕಿಯಾ ಅವನ ಅಂಗೈ ನೋಡಿದಳು, ಕೋತ್ಸಿ ನೋಡಿದಳು, ಅವನನ್ನು ತಬ್ಬಿಕೊಂಡಳು. ಅಂಗಳದಲ್ಲಿ ಆಗಲೇ ನೆರೆಹೊರೆಯವರು ಸೇರಿದ್ದರು. ಆಮೇಲೆ ಮೂರು ಸಲ ಹೇಳಲು ಬಾಯಿ ತೆರೆದೆ ಎಂದ. ಮೂರು ಸಲವೂ ಅವಳು ಏನಾದರೊಂದು ಕೆಲಸ ಹೇಳಿದಳು. ಬಾಗಿಲಿನ ಚಿಲಕ, ಸೋರುವ ಮಾಡು, ಬಾವಿಯ ಹಗ್ಗ. ನಾಲ್ಕನೆಯ ಸಲ ಅವನಿಗೇ ಹೇಳುವ ಮನಸ್ಸಾಗಲಿಲ್ಲ. ಒಂದು ಮನೆಯಲ್ಲಿ ಬೆಳಿಗ್ಗೆ ಎದ್ದು ತನಗಾಗಿ ಇಟ್ಟ ಟವೆಲಿನಲ್ಲಿ ಮುಖ ಒರೆಸಿಕೊಳ್ಳುವುದು ಹೇಗಿರುತ್ತದೆಂದು ತನಗೆ ಗೊತ್ತೇ ಇರಲಿಲ್ಲ ಎಂದ.

ಬುಧವಾರ ನಾನು ಸಹಿ ಹಾಕಲಾರೆ ಎಂದು ಮಾತ್ರ ಹೇಳಿದೆ. ಅವನು ತಲೆಯಾಡಿಸಿದ. ಅವಳಿಗೆ ನಾನೇ ಹೇಳುತ್ತೇನೆ, ಭಾನುವಾರ ಕಳೆಯಲಿ, ಅವಳು ಹಬ್ಬದ ಮೊಟ್ಟೆಯನ್ನು ಒಬ್ಬಳೇ ಒಡೆಯುವುದು ಬೇಡ ಎಂದು ಕೇಳಿಕೊಂಡ.

ನಾನು ಒಪ್ಪಿದೆ. ಆಮೇಲೆ, ಟೀಚರಿನ ಹಳೆಯ ಚಾಳಿ, ನಿನ್ನ ಹೆಸರೇನು ಎಂದು ಕೇಳಿದೆ.

ಅವನು ಹೆರೆದ ಮರದ ಚೂರುಗಳನ್ನು ಮಂಡಿಯಿಂದ ಕೊಡವಿದ.

"ಅದನ್ನ ಕೇಳ್ಬೇಡಿ. ನಮ್ಮಪ್ಪ ಸರಕಾರದ ಸೈನ್ಯದಲ್ಲಿದ್ದ. ಅದು ಗೊತ್ತಾಗಬಾರ್ದು ಅಂತ ಗಡಿಯಲ್ಲೇ ಬಾಯಿಗೆ ಬಂದ ಹೆಸರು ಹೇಳ್ಬಿಟ್ಟೆ. ಅಲ್ಲಿ ಎಲ್ಲರೂ ಕರೆದಿದ್ದು ಅದೇ ಹೆಸರಿಂದ. ನಿಜವಾದ್ದು ಸ್ತಾಥಿಗೆ ಒಬ್ಬನಿಗೇ ಹೇಳಿದ್ದೆ. ಪ್ಲತಾನಿಯಲ್ಲಿ ನನ್ನನ್ನ ಹಾಗೆ ಕರೀತಿದ್ದೋರೆಲ್ಲ ಮಣ್ಣಾದ್ರು. ಮೂವತ್ತೈದು ವರ್ಷದಿಂದ ಆ ಹೆಸರನ್ನ ನಾನೇ ಬಾಯ್ಬಿಟ್ಟು ಹೇಳ್ಕೊಂಡಿಲ್ಲ."

ಬಲವಂತ ಮಾಡಲಿಲ್ಲ.

ಅಂಗಳದ ಬಾಗಿಲು ಕಿರುಗುಟ್ಟಿತು. ಎವ್ದೊಕಿಯಾ ಖಾಲಿ ಬುಟ್ಟಿ ಹಿಡಿದು ಬಂದಳು. ತೋಳಿಗೆ ಲೈಲಾಕ್ ಹೂವಿನ ಚೂರುಗಳು ಅಂಟಿದ್ದವು. ನಮ್ಮಿಬ್ಬರನ್ನು ನೋಡಿದಳು, ಹುಲ್ಲಿನ ಮೇಲೆ ಅರ್ಧಕ್ಕೇ ನಿಂತ ಬುಗುರಿಯನ್ನು ನೋಡಿದಳು. ಚಟ್ಟಕ್ಕೆ ಈ ವರ್ಷ ಹೂ ಸಾಲದೆ ಹೋಗಿ ಪಾದ್ರಿಯ ಹೆಂಡತಿ ತನ್ನ ಮನೆಯ ಕುಂಡಗಳನ್ನೇ ಬೋಳಿಸಿದಳು ಎಂದು ಹೇಳುತ್ತ ಒಳಗೆ ಹೋದಳು. ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು.

ಅವನು ಎದ್ದು ನಿಂತ. ಮುಖ ಬಿಳಿಚಿಕೊಂಡಿತ್ತು. ಭಾನುವಾರದವರೆಗೆ ಕಾಯುವ ಶಕ್ತಿ ಅವನಲ್ಲಿ ಉಳಿದಿಲ್ಲವೆಂದು ನನಗೆ ತಿಳಿಯಿತು. ಅವಳು ಎರಡು ತಟ್ಟೆಗಳನ್ನು ಹಿಡಿದು ಹೊಸ್ತಿಲು ದಾಟುತ್ತಿದ್ದಂತೆ ಅವನು ಬಾಯಿ ತೆರೆದ.

"ಅಕ್ಕಾ, ನಾನು ನಿನಗೊಂದು ಮಾತು ಹೇಳ್ಬೇಕು."

"ಕೂತ್ಕೋ, ಲಿಯಾಕೋ," ಎಂದಳು ಎವ್ದೊಕಿಯಾ.

ಆ ಹೆಸರನ್ನು ನಾನು ಆ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಅವನು ನಿಂತಲ್ಲೇ ಮರದ ಕಾಂಡವನ್ನು ಹಿಡಿದುಕೊಂಡ. ನನಗೆ ಹೇಳಲೊಪ್ಪದ ಹೆಸರು ಅದೇ ಎಂದು ತಿಳಿಯಲು ಅವನ ಮುಖ ಸಾಕಾಗಿತ್ತು. ಅದನ್ನು ಅವಳಿಗೆ ಹೇಳಬಲ್ಲ ಮನುಷ್ಯ ಲೋಕದಲ್ಲಿ ಒಬ್ಬನೇ. ಆ ಒಬ್ಬನನ್ನು ಐವತ್ತಾರರಿಂದೀಚೆಗೆ ಯಾರೂ ಕಂಡಿಲ್ಲವೆಂದು ಇದೀಗ ತಾನೇ ಕೇಳಿದ್ದೆ. ಆದರೂ ಅವನಿಂದ ಅವಳಿಗೆ ಎಂದೋ ಸುದ್ದಿ ಬಂದಿರಬೇಕು, ಐವತ್ತಾರರ ಮೊದಲೋ, ಆಮೇಲೋ. ಹಾಗಾದರೆ ಇವನು ತಮ್ಮನಲ್ಲವೆಂದು ತಿಳಿದೇ ಅವಳು ಆ ಕಾಗದಕ್ಕೆ ಸಹಿ ಹಾಕಿದ್ದಳು. ತಮ್ಮನನ್ನು ಹುಡುಕುವುದು ನಿಲ್ಲಲಿ ಎಂದು ಬಯಸಿದವಳು ಅವಳೇ.

"ಎವ್ದೊಕಿಯಾ," ಎಂದೆ, "ಈ ಹೆಸರು ನಿನಗೆ ಯಾವಾಗ ಗೊತ್ತಾಯ್ತು?"

ಅವಳು ಅವನ ಕೈಯನ್ನು ಮರದಿಂದ ಬಿಡಿಸಿ ಬೇಳೆಯ ತಟ್ಟೆಯನ್ನು ಅದರಲ್ಲಿಟ್ಟಳು. ಅವನ ಬೆರಳುಗಳು ಹಿಡಿದವೆಂದು ಖಾತ್ರಿಯಾದ ಮೇಲೆ ನನ್ನ ಕಡೆ ಬಂದಳು, ಬ್ರೆಡ್ಡಿನ ಮೆತ್ತಗಿನ ನಡುಭಾಗವನ್ನು ಮುರಿದು ಅಂಚಿನಲ್ಲಿಟ್ಟು, ಇನ್ನೊಂದು ತಟ್ಟೆಯನ್ನು ನನ್ನ ಮಡಿಲಿಗೆ ಕೊಟ್ಟಳು.